20 ಕೆ.ಜಿ.ಯಲ್ಲಿ ಐದು ತಿಂಗಳು

ನನ್ನ ವ್ಯಾಯಾಮದ ನೋಟುಪುಸ್ತಕದಲ್ಲಿ 2023ರ ಜನವರಿಯಿಂದ ಮೇ ಕೊನೆಯವರೆಗಿನ ಪುಟಗಳನ್ನು ತಿರುವಿದರೆ, ಓವರ್‌ಹೆಡ್ ಪ್ರೆಸ್ ಎಂದು ಬರೆದಿರುವ ಸಾಲಿನಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಕಾಣಿಸುತ್ತದೆ: 20. ಅದರ ಮುಂದೆ ಮೂರು ಸೆಟ್‌ಗಳಲ್ಲಿ, ಅಂದರೆ ನಡುವೆ ಬಿಡುವು ಕೊಟ್ಟು ಮಾಡುವ ಮೂರು ಸರದಿಗಳಲ್ಲಿ, ಎಷ್ಟೆಷ್ಟು ಸಲ ಎತ್ತಿದೆ ಎಂಬ ಲೆಕ್ಕ: ಒಮ್ಮೆ 5, 5, 4 ಎಂದಿದೆ. ಮುಂದಿನ ವಾರ 5, 4, 4. ಅದರ ಮುಂದಿನ ವಾರ 5, 5, 5. ಆಮೇಲೆ ಮತ್ತೆ 5, 5, 4. ನಡುವೆ ನಾಲ್ಕು ಕಡೆ 22.5 ಎಂಬ ಅಂಕಿ ಬಂದಿದ್ದು, ಅದರ ಮುಂದೆ ಎರಡು ಅಥವಾ ಒಂದು ಎಂದಷ್ಟೇ ಬರೆದಿದ್ದೇನೆ. ಎದೆಯ ಮಟ್ಟದಿಂದ ತಲೆಯ ಮೇಲಕ್ಕೆ ರಾಡನ್ನು ಎತ್ತುವ ಈ ವ್ಯಾಯಾಮದಲ್ಲಿ ನಾನು ಐದು ತಿಂಗಳು ಒಂದು ಕೆ.ಜಿ.ಯನ್ನೂ ಮುಂದೆ ಹೋಗಲಿಲ್ಲ. ಶಕ್ತಿ ಹೇಗೆ ಬೆಳೆಯುತ್ತದೆ ಎಂಬುದನ್ನು ಆ ಪುಟಗಳಿಂದಲೇ ನಾನು ಹೆಚ್ಚು ಕಲಿತದ್ದು. ಆದ್ದರಿಂದ ಈ ಬರಹವನ್ನು ಅವುಗಳಿಂದಲೇ ಆರಂಭಿಸಿದ್ದೇನೆ.

ನಾನು ಜಿಮ್‌ಗೆ ಸೇರಿದ್ದು 2022ರ ಜೂನ್‌ನಲ್ಲಿ. ಆಗ ನನಗೆ ನಲವತ್ತಾರು ವರ್ಷ, ತೂಕ 58 ಕೆ.ಜಿ. ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ನಿಂತು ಅಭ್ಯಾಸವಿರುತ್ತದೆಯೇ ಹೊರತು ಎತ್ತಿ ಅಭ್ಯಾಸವಿರುವುದಿಲ್ಲ. ಒಂದು ಸಂಜೆ ಗೇಟಿನ ಒಳಗೆ ಇಟ್ಟಿದ್ದ ತುಂಬಿದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಒಯ್ಯಲು ಹೋಗಿ, ಎರಡು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕುಳಿತೆ. ಸಿಲಿಂಡರಿನೊಳಗಿನ ಅನಿಲ 14.2 ಕೆ.ಜಿ., ಕಬ್ಬಿಣದ ತೂಕ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಸೇರಿ ಸುಮಾರು ಮೂವತ್ತು. ನನ್ನ ದೇಹದ ಅರ್ಧದಷ್ಟು ತೂಕದ ವಸ್ತುವೊಂದು ನನ್ನ ಮನೆಯೊಳಗೇ ನನ್ನ ಕೈಮೀರಿದೆ ಎಂಬುದು ಆ ಸಂಜೆ ನನ್ನನ್ನು ಬಹಳ ಕಲಕಿತು. ನಾನಿರುವ ಮೈಸೂರಿನ ಬಡಾವಣೆಯಲ್ಲಿ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸಣ್ಣ ಜಿಮ್ ಒಂದಕ್ಕೆ ಮಾರನೆಯ ವಾರವೇ ಸೇರಿದೆ.

ಮೊದಲ ಮೂರು ತಿಂಗಳು ಹಬ್ಬದಂತಿದ್ದವು. ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿರುವ ರಾಡನ್ನು ಬೆನ್ನು ಬಾಗಿಸದೆ ತೊಡೆಯ ಮಟ್ಟಕ್ಕೆ ಎತ್ತಿ ನಿಲ್ಲುವುದು, 30 ಕೆ.ಜಿ.ಯಿಂದ ಆರಂಭವಾಗಿ ಆಗಸ್ಟ್ ಕೊನೆಗೆ 50 ಮುಟ್ಟಿತು. ಕನ್ನಡಿಯಲ್ಲಿ ನೋಡಿದರೆ ತೋಳು ತೊಡೆಗಳೆಲ್ಲ ಹಾಗೆಯೇ ಇದ್ದವು. ರವಿಕೆಯ ಅಳತೆಯೂ ಬದಲಾಗಿರಲಿಲ್ಲ. ಹಾಗಾದರೆ ಈ ಇಪ್ಪತ್ತು ಕೆ.ಜಿ. ಎಲ್ಲಿಂದ ಬಂತು ಎಂಬ ಕುತೂಹಲದಿಂದ ಓದಲು ಕುಳಿತಾಗ, ಆರಂಭದ ವಾರಗಳ ಗಳಿಕೆಯಲ್ಲಿ ಬಹುಪಾಲು ನರಮಂಡಲದ್ದೆಂದೂ, ಸ್ನಾಯು ದಪ್ಪವಾಗುವುದು ಅದರ ಹಿಂದಿನಿಂದ ನಿಧಾನವಾಗಿ ಬರುತ್ತದೆಂದೂ 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ತೋರಿಸಿಕೊಟ್ಟದ್ದು ತಿಳಿಯಿತು. ಇರುವ ಸ್ನಾಯುವಿನ ಎಳೆಗಳಲ್ಲಿ ಹೆಚ್ಚಿನವನ್ನು ಒಮ್ಮೆಗೇ ಕೆಲಸಕ್ಕೆ ಕರೆಯುವುದನ್ನು ಮಿದುಳು ಮತ್ತು ಬೆನ್ನುಹುರಿ ಮೊದಲು ಕಲಿಯುತ್ತವೆ. ಒಂದು ಕೈಗೆ ಮಾತ್ರ ತರಬೇತಿ ಕೊಟ್ಟರೆ, ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 1894ರಷ್ಟು ಹಿಂದೆಯೇ ಗಮನಿಸಿದ್ದರು. ಬಲವೆಂದರೆ ಮಾಂಸ ಎಂದೇ ತಿಳಿದಿದ್ದ ನನಗೆ, ಅದರಲ್ಲಿ ಕಲಿಕೆಯ ಪಾಲೂ ಇದೆ ಎಂಬುದು ಹೊಸ ವಿಷಯವಾಗಿತ್ತು. ಶಿಕ್ಷಕಿಯಾದ್ದರಿಂದಲೋ ಏನೋ, ಸಂತೋಷವನ್ನೂ ಕೊಟ್ಟಿತು.

ಆದರೆ ಆ ವೇಗವೇ ಮುಂದುವರಿಯುತ್ತದೆಂದು ನಂಬಿದ್ದು ತಪ್ಪಾಯಿತು. ವಾರಕ್ಕೆ 2.5 ಕೆ.ಜಿ. ಎಂದರೆ ಕೇಳುವುದಕ್ಕೆ ಅಲ್ಪ; ವರ್ಷದ ಐವತ್ತೆರಡು ವಾರಗಳಿಗೆ ಗುಣಿಸಿದರೆ 130 ಕೆ.ಜಿ. ಆಗುತ್ತದೆ. ನನ್ನಂಥವಳು ಒಂದೇ ವರ್ಷದಲ್ಲಿ 160 ಕೆ.ಜಿ. ಎತ್ತುವುದು ಸಾಧ್ಯವಿಲ್ಲವೆಂದು ಯಾರಾದರೂ ಹೇಳಬಲ್ಲರು; ಆದರೂ ಪ್ರತಿ ಸೋಮವಾರ ಜಿಮ್‌ಗೆ ಹೋಗುವಾಗ ಈ ವಾರದ ಎರಡೂವರೆ ನನಗೆ ಸಲ್ಲಬೇಕಾದ ಬಾಕಿ ಎಂಬ ಭಾವನೆ ನನ್ನಲ್ಲಿತ್ತು. ಈ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಹಳೆಯ ಕಥೆಯಿದೆ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ, ಇಂದಿನ ದಕ್ಷಿಣ ಇಟಲಿಯಲ್ಲಿದ್ದ ಕ್ರೋಟನ್ ಎಂಬ ಗ್ರೀಕ್ ನಗರದ ಜಟ್ಟಿ ಮೈಲೋ, ಒಂದು ಕರುವನ್ನು ದಿನವೂ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದಂತೆ ಅವನ ಬಲವೂ ಬೆಳೆದು, ಕೊನೆಗೆ ಪೂರ್ಣವಾಗಿ ಬೆಳೆದ ಹೋರಿಯನ್ನೇ ಹೊರುವಂತಾದನಂತೆ. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕೆಂಬ ತತ್ತ್ವವನ್ನು ಕಥೆ ಚೆನ್ನಾಗಿಯೇ ಹಿಡಿದಿದೆ. ಆದರೆ ಕರು ಬೆಳೆಯುವುದು ಅದರ ಲೆಕ್ಕದಲ್ಲಿ. ಹೊರುವವನಿಗೆ ನಿದ್ದೆಯಾಯಿತೋ, ಜ್ವರ ಬಂದಿತ್ತೋ, ಭುಜ ನೋಯುತ್ತಿದೆಯೋ ಎಂದು ಅದು ಕೇಳುವುದಿಲ್ಲ. ದೇಹ ಹಾಗೆ ಗೆರೆ ಎಳೆದಂತೆ ಬೆಳೆಯುವುದಿಲ್ಲ. ಕೆಲವು ವಾರ ಏರುತ್ತದೆ, ಬಹಳ ವಾರ ನಿಲ್ಲುತ್ತದೆ, ಕೆಲವೊಮ್ಮೆ ಇಳಿಯುತ್ತದೆ. ಮೈಲೋನ ಕರು ಐದು ತಿಂಗಳು ಬೆಳೆಯದೆ ನಿಂತಿದ್ದರೆ ಅವನು ಏನು ಮಾಡುತ್ತಿದ್ದನೆಂಬುದನ್ನು ಕಥೆ ಹೇಳಿದ್ದರೆ ನನಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಜಿಮ್‌ನ ತರಬೇತುದಾರ ಇಪ್ಪತ್ತಾರರ ಹುಡುಗ. ಒಳ್ಳೆಯವನು, ನನ್ನ ಬೆನ್ನು ಸ್ವಲ್ಪ ಬಾಗಿದರೂ ದೂರದಿಂದಲೇ ಕೂಗುವವನು. "ಮೇಡಂ, ಧೈರ್ಯ ಮಾಡಿ ಎರಡೂವರೆ ಹಾಕಿ, ಆಗತ್ತೆ" ಎನ್ನುತ್ತಿದ್ದ. ಧೈರ್ಯ ಮಾಡಿದರೂ ಆಗುತ್ತಿರಲಿಲ್ಲ. ಒಂದು ಭಾನುವಾರ ನೋಟುಪುಸ್ತಕ ಹಿಡಿದು ಕುಳಿತಾಗ, ತೊಂದರೆ ಧೈರ್ಯದ್ದಲ್ಲ, ಲೆಕ್ಕದ್ದು ಎಂದು ಹೊಳೆಯಿತು. ನಮ್ಮ ಜಿಮ್‌ನಲ್ಲಿದ್ದ ಅತಿ ಚಿಕ್ಕ ಪ್ಲೇಟು 1.25 ಕೆ.ಜಿ.ಯದು. ರಾಡಿನ ಎರಡೂ ತುದಿಗೆ ಒಂದೊಂದು ಹಾಕಲೇಬೇಕಾದ್ದರಿಂದ ಅತಿ ಚಿಕ್ಕ ಹೆಜ್ಜೆಯೇ 2.5 ಕೆ.ಜಿ. ಅರವತ್ತು ಕೆ.ಜಿ.ಯ ಡೆಡ್‌ಲಿಫ್ಟ್‌ಗೆ ಅದು ಶೇಕಡಾ ನಾಲ್ಕರಷ್ಟು ಏರಿಕೆ, ಇಪ್ಪತ್ತು ಕೆ.ಜಿ.ಯ ಪ್ರೆಸ್‌ಗೆ ಅದೇ ಎರಡೂವರೆ ಶೇಕಡಾ ಹನ್ನೆರಡೂವರೆ. ಹಗುರ ಎತ್ತುವವರಿಗೆ, ಅಂದರೆ ಹೆಂಗಸರಿಗೆ, ವಯಸ್ಸಾದವರಿಗೆ, ಈಗಷ್ಟೇ ಸೇರಿದವರಿಗೆ ಮೆಟ್ಟಿಲಿನ ಎತ್ತರ ಮೂರು ಪಟ್ಟು ಇದ್ದಂತಾಯಿತು. ಹತ್ತಲಾಗದೆ ಹಿಂದಿರುಗಿದವರಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಹೇಳಿ ಕಳಿಸುತ್ತೇವೆ. ಇದು ನನಗೆ ಈಗಲೂ ನೋವಿನ ವಿಷಯ. ಭಾರ ಎತ್ತುವ ಸ್ಪರ್ಧೆಗಳಲ್ಲಿಯೇ ಒಂದು ಕಾಲಕ್ಕೆ ತೂಕವು ಎರಡೂವರೆಯ ಗುಣಕದಲ್ಲಿ ಇರಬೇಕಿತ್ತು. 2005ರಲ್ಲಿ ಅಂತರರಾಷ್ಟ್ರೀಯ ನಿಯಮ ಬದಲಾಗಿ ಒಂದೊಂದು ಕೆ.ಜಿ.ಯಂತೆ ಏರಿಸಲು ಅವಕಾಶವಾಯಿತು. ಜಗತ್ತಿನ ಅತ್ಯಂತ ಬಲಶಾಲಿಗಳಿಗೇ ಒಂದು ಕೆ.ಜಿ. ಲೆಕ್ಕಕ್ಕೆ ಬರುವಾಗ ನನಗೆ ಏಕೆ ಬರಬಾರದು?

ಅರ್ಧ ಕೆ.ಜಿ.ಯ ಪ್ಲೇಟುಗಳನ್ನು ಮಾಡಿಸಲು ರಾಡಿನ ತುದಿಯ ದಪ್ಪವನ್ನು ದಾರದಿಂದ ಅಳೆದುಕೊಂಡು ಒಂದು ಲೇತ್ ಅಂಗಡಿಗೆ ಹೋದೆ. ಯಜಮಾನರು ನಾನು ಯಾವುದೋ ಯಂತ್ರದ ಬಿಡಿಭಾಗಕ್ಕೆ ಬಂದಿದ್ದೇನೆಂದು ಭಾವಿಸಿ ವಿಚಾರಿಸಿದರು. ವಿಷಯ ತಿಳಿದ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ, ಹತ್ತು ಸೆಂಟಿಮೀಟರ್ ಅಗಲದ ಉಕ್ಕಿನ ಬಿಲ್ಲೆಗೆ ನಡುವೆ ತೂತು ಕೊರೆದ ಮೇಲೆ ಒಂಬತ್ತು ಮಿಲಿಮೀಟರ್ ದಪ್ಪ ಉಳಿಸಿದರೆ ಅರ್ಧ ಕೆ.ಜಿ. ಬರುತ್ತದೆಂದು ಹೇಳಿದರು. ನಾಲ್ಕು ಬಿಲ್ಲೆಗಳು ಮೂರು ದಿನದಲ್ಲಿ ಸಿದ್ಧವಾದವು. ಅವುಗಳ ತೂಕ ಸರಿಯಿದೆಯೇ ನೋಡೋಣವೆಂದು ನಮ್ಮ ಬೀದಿಯ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆ. ನಾಲ್ಕೂ ಹತ್ತು ಗ್ರಾಂನ ವ್ಯತ್ಯಾಸದೊಳಗೆ ಇದ್ದವು. ಆಗ ಇನ್ನೊಂದು ಸಂದೇಹ ಹುಟ್ಟಿತು. ಜಿಮ್‌ನವರ ಅನುಮತಿ ಕೇಳಿ, ನಾನು ದಿನವೂ ಬಳಸುವ ಐದು ಕೆ.ಜಿ.ಯ ಪ್ಲೇಟುಗಳಲ್ಲಿ ಆರನ್ನು ತಂದು ಅದೇ ತಕ್ಕಡಿಗೆ ಹಾಕಿದೆ. ಒಂದು 4.86 ತೋರಿಸಿತು, ಇನ್ನೊಂದು 5.19. ಎರಕ ಹೊಯ್ದ ಅಗ್ಗದ ಪ್ಲೇಟುಗಳು ಹಾಗೆಯೇ ಇರುತ್ತವೆಂದು ಆಮೇಲೆ ತಿಳಿಯಿತು. ಅಂದರೆ ಆ ಐದು ತಿಂಗಳಲ್ಲಿ ನಾನು 20 ಎಂದು ಬರೆದುಕೊಂಡದ್ದು ಒಂದು ದಿನ ಹತ್ತೊಂಬತ್ತು ಚಿಲ್ಲರೆ, ಇನ್ನೊಂದು ದಿನ ಇಪ್ಪತ್ತು ಚಿಲ್ಲರೆ ಆಗಿತ್ತು. ಕೆಲವು ದಿನ ಎಡಗೈಗೆ ಬಲಗೈಗಿಂತ ಮೂರುನೂರು ಗ್ರಾಂ ಹೆಚ್ಚು ಬಿದ್ದಿತ್ತು. 5, 5, 5 ಆದ ವಾರದ ಮರುವಾರ 5, 4, 4 ಆದಾಗ ನಾನು ನನ್ನ ನಿದ್ದೆಯನ್ನು, ಊಟವನ್ನು, ವಯಸ್ಸನ್ನು ದೂರಿದ್ದೆ. ಸಮತೂಕವಿದ್ದ ಎರಡು ಪ್ಲೇಟುಗಳನ್ನು ಆರಿಸಿ, ಅಂಚಿಗೆ ಕೆಂಪು ಉಗುರುಬಣ್ಣ ಹಚ್ಚಿ, ಅಂದಿನಿಂದ ಇಂದಿನವರೆಗೂ ಪ್ರೆಸ್‌ಗೆ ಅವನ್ನೇ ಬಳಸುತ್ತಿದ್ದೇನೆ. ಸಣ್ಣ ಬದಲಾವಣೆಯನ್ನು ಕಾಣಬೇಕಾದರೆ ಮೊದಲು ಅಳತೆಗೋಲು ಅಲುಗಾಡದಂತಿರಬೇಕು.

2023ರ ಜೂನ್‌ನ ಎರಡನೆಯ ವಾರ 21 ಕೆ.ಜಿ.ಯನ್ನು ಐದೈದು ಸಲದಂತೆ ಮೂರು ಸೆಟ್ ಎತ್ತಿದೆ. ಆ ದಿನದ ಪುಟದಲ್ಲಿ ಅಂಕಿಯ ಸುತ್ತ ವೃತ್ತ ಎಳೆದಿದ್ದೇನೆ. ಅಲ್ಲಿಂದ ಈ ಸೆಪ್ಟೆಂಬರ್‌ವರೆಗೆ, ಅಂದರೆ ಇಪ್ಪತ್ತೇಳು ತಿಂಗಳಲ್ಲಿ, 28ಕ್ಕೆ ಬಂದಿದ್ದೇನೆ. ಇಪ್ಪತ್ತರಿಂದ ಲೆಕ್ಕ ಹಿಡಿದರೆ ಒಂದು ಕೆ.ಜಿ.ಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಹಿಡಿದಿದೆ. ಡೆಡ್‌ಲಿಫ್ಟ್ ಮೊದಲ ಮೂರು ತಿಂಗಳಲ್ಲಿ ಇಪ್ಪತ್ತು ಕೆ.ಜಿ. ಏರಿದ್ದರೆ, ಅನಂತರದ ಮೂರು ವರ್ಷಗಳಲ್ಲಿ ಮೂವತ್ತೈದು ಏರಿ 85 ತಲುಪಿದೆ. ಸಿಲಿಂಡರಿನ ವಿಷಯ ಮೊದಲ ವರ್ಷದಲ್ಲಿಯೇ ಮುಗಿದುಹೋಯಿತು. ಈಗ ಅದನ್ನು ಎತ್ತುವಾಗ ನೆನಪೂ ಆಗುವುದಿಲ್ಲ.

ಭಾರವನ್ನು ಹೀಗೆ ಅಳೆದು ಏರಿಸುವ ಕ್ರಮ ವೈದ್ಯಕೀಯಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಶಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ, ಮೊಣಕಾಲಿಗೆ ಪೆಟ್ಟಾಗಿದ್ದ ಸೈನಿಕರಿಗೆ ಅಂದಿನ ರೂಢಿಯಂತೆ ಹಗುರ ಭಾರವನ್ನು ಬಹಳ ಸಲ ಎತ್ತಿಸುವುದನ್ನು ಬಿಟ್ಟು, ಹತ್ತು ಸಲ ಮಾತ್ರ ಎತ್ತಬಹುದಾದಷ್ಟು ಭಾರವನ್ನು ಕೊಟ್ಟು, ಅವರ ಬಲ ಹೆಚ್ಚಿದಂತೆ ಅದನ್ನೂ ಹೆಚ್ಚಿಸುತ್ತಾ ಹೋದ. ಅದರ ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದ. ನನಗೆ ಇದರಲ್ಲಿ ಹಿಡಿಸುವ ಸಂಗತಿಯೆಂದರೆ, ಅವನು ಆರಂಭದಲ್ಲಿ ಹೇಳಿದ್ದು ಏಳರಿಂದ ಹತ್ತು ಸೆಟ್‌ಗಳನ್ನು. ಮೂರು ವರ್ಷಗಳ ಅನುಭವದ ನಂತರ, 1948ರಲ್ಲಿ, ಅಷ್ಟು ಬೇಕಿಲ್ಲ, ಮೂರು ಸಾಕು ಎಂದು ತಾನೇ ತಿದ್ದಿಕೊಂಡ. ಹೆಚ್ಚು ಮಾಡಿಸಿ ನೋಡಿ, ಕಡಿಮೆಯೇ ಸಾಕೆಂದು ಬರೆಯುವ ಪ್ರಾಮಾಣಿಕತೆ ಇಂದಿನ ವ್ಯಾಯಾಮದ ಜಾಹೀರಾತುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆದರೆ ನಮ್ಮ ಸೀಮೆಯವರು ಇದನ್ನು ತಿಳಿಯಲು ಶಿಕಾಗೋದವರೆಗೆ ಹೋಗಬೇಕಾಗಿರಲಿಲ್ಲ. ಕನ್ನಡದ ಓದುಗರು ಕಾದಂಬರಿಕಾರರೆಂದು ಬಲ್ಲ ಕೆ.ವಿ. ಅಯ್ಯರ್ ಅವರು ಡಿಲಾರ್ಮ್‌ಗೂ ಮುಂಚೆಯೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರದ ಜೊತೆಗೆ ಕಬ್ಬಿಣದ ಭಾರವನ್ನೂ ಕಲಿಸುತ್ತಿದ್ದವರು. ಮೈಸೂರಿನಲ್ಲಂತೂ ಗರಡಿಮನೆಗಳಿದ್ದವು, ಇನ್ನೂ ಇವೆ. ನನ್ನ ಸೋದರಮಾವ ಹರೆಯದಲ್ಲಿ ಗರಡಿಗೆ ಹೋಗಿ ಸಾಮು ಮಾಡಿದವರು. ಈಗ ಎಂಬತ್ತರ ಹತ್ತಿರದಲ್ಲಿದ್ದಾರೆ. ಪ್ರೆಸ್ ನಿಂತುಹೋದ ದಿನಗಳಲ್ಲಿ ಒಮ್ಮೆ ಅವರ ಬಳಿ ಹೇಳಿಕೊಂಡೆ. "ಎಷ್ಟು ಬಸ್ಕಿ ಹೊಡೆದೆ ಅಂತ ನಮ್ಮ ಉಸ್ತಾದರು ಕೇಳ್ತಿರಲಿಲ್ಲ ಕಣಮ್ಮ. ಹೋದ ವಾರಕ್ಕಿಂತ ಎಷ್ಟು ಜಾಸ್ತಿ ಹೊಡೆದೆ ಅಂತ ಕೇಳೋರು. ಎರಡು ಅಂದ್ರೆ ತಲೆ ಆಡಿಸೋರು. ಹತ್ತು ಅಂದ್ರೆ ಬೈದು ಹೊರಗೆ ಕೂರಿಸೋರು" ಎಂದರು. ಹೊರಗೆ ಕೂರಿಸುವುದೇಕೆ ಎಂದು ಕೇಳಿದ್ದಕ್ಕೆ, "ಹತ್ತು ಜಾಸ್ತಿ ಮಾಡಿದವನು ನಾಳಿದ್ದು ಬರ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ದಿನಾ ಬರೋ ಹುಡುಗರು" ಎಂದು ಉತ್ತರಿಸಿದರು.

ಮಾವನ ಮಾತನ್ನು ಕೇಳಿ ಒಂದು ವರ್ಷವೂ ಆಗುವ ಮೊದಲೇ ನಾನು ಅದನ್ನು ಮರೆತೆ. 2024ರ ಆರಂಭದಲ್ಲಿ ನನ್ನ ದೇಹವನ್ನು ನಾನೇ ಎಳೆದುಕೊಂಡು ಮೇಲೇರುವ ಪುಲ್ ಅಪ್ ಒಂದನ್ನಾದರೂ ಮಾಡಬೇಕೆಂಬ ಆಸೆ ಹತ್ತಿತು. ಸ್ಟೂಲಿನ ಮೇಲಿಂದ ರಾಡ್ ಹಿಡಿದು, ನಿಧಾನವಾಗಿ ಇಳಿಯುವ ಅಭ್ಯಾಸವನ್ನು ವಾರಕ್ಕೆ ಎರಡು ದಿನ ಮಾಡುತ್ತಿದ್ದವಳು, ಚೆನ್ನಾಗಿ ಆಗುತ್ತಿದೆಯೆಂದು ದಿನವೂ ಮಾಡತೊಡಗಿದೆ. ಆರನೆಯ ವಾರಕ್ಕೆ ಬಲ ಮೊಣಕೈಯ ಒಳಮಗ್ಗುಲಲ್ಲಿ ನೋವು ಕಾಣಿಸಿತು. ಎಂಟನೆಯ ವಾರಕ್ಕೆ ಹಾಲಿನ ಪಾತ್ರೆ ಎತ್ತಿದರೂ ಚಳಕು ಹೊಡೆಯುವಂತಾಯಿತು. ಸ್ನಾಯುವಿಗೆ ರಕ್ತದ ಹರಿವು ಧಾರಾಳ, ಅದು ಬೇಗ ಚೇತರಿಸಿಕೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ಅಷ್ಟು ರಕ್ತ ಹರಿಯುವುದಿಲ್ಲ, ಅದು ಹೊಸ ಭಾರಕ್ಕೆ ಹೊಂದಿಕೊಳ್ಳಲು ತಿಂಗಳುಗಳನ್ನೇ ಕೇಳುತ್ತದೆ. ನರ ವಾರಗಳಲ್ಲಿ ಕಲಿಯುತ್ತದೆ, ಸ್ನಾಯು ತಿಂಗಳುಗಳಲ್ಲಿ ಬೆಳೆಯುತ್ತದೆ, ರಜ್ಜು ಇವೆರಡರ ಹಿಂದೆ ನಡೆದು ಬರುತ್ತದೆ. ಮುಂದೆ ಹೋದವರ ವೇಗವನ್ನು ನೋಡಿ ನಾನು ಹಿಂದುಳಿದದ್ದನ್ನು ಎಳೆದೆ. ಆ ನೋವು ಪೂರ್ತಿ ಹೋಗಲು ಒಂಬತ್ತು ತಿಂಗಳು ಬೇಕಾಯಿತು. ಪ್ರೆಸ್‌ನ ಭಾರವನ್ನು ಹದಿನೈದಕ್ಕೆ ಇಳಿಸಿ ಮತ್ತೆ ಏರಿದೆ. ಮೊದಲಿಗೆ ಏಳು ತಿಂಗಳು ಹಿಡಿದಿದ್ದ ದಾರಿಯನ್ನು ಎರಡನೆಯ ಸಲ ಎರಡೇ ತಿಂಗಳಲ್ಲಿ ನಡೆದದ್ದು, ಆ ದುಃಖದ ನಡುವೆಯೂ ನನಗೆ ದೊಡ್ಡ ಸಮಾಧಾನ ಕೊಟ್ಟಿತು: ಗಳಿಸಿದ ಬಲವನ್ನು ದೇಹ ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಭಾರ ಎತ್ತುವ ಸ್ಪರ್ಧಿ, ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರ ಅಂಕಿಗಳನ್ನು ನಾನು ನೋಟುಪುಸ್ತಕದ ಒಳರಕ್ಷಾಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಅವರು ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು) 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ ತಂದು ಆಮೇಲೆ ತಲೆಯ ಮೇಲಕ್ಕೆ ಎತ್ತುವುದು) 138, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕೆ.ಜಿ. ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಎತ್ತಿ ಕಂಚು ಗೆದ್ದರು. ಎರಡು ಕೂಟಗಳ ನಡುವೆ ನಾಲ್ಕು ವರ್ಷ. ದೇಹದ ತೂಕದ ವಿಭಾಗವೂ ಮೇಲಕ್ಕೆ ಹೋಗಿತ್ತು. ಆದರೂ ಸ್ನ್ಯಾಚ್‌ನ ಅಂಕಿ ಏರಿದ್ದು ಏಳು ಕೆ.ಜಿ. ಇಡೀ ಬದುಕನ್ನೇ ಇದಕ್ಕೆ ಕೊಟ್ಟ ಒಬ್ಬ ಸಾಧಕರ ನಾಲ್ಕು ವರ್ಷದ ದುಡಿಮೆ ಆ ಏಳರಲ್ಲಿದೆ. ನನ್ನ 22ರಿಂದ 23ಕ್ಕೆ ಹೋಗಲು ನಾಲ್ಕು ತಿಂಗಳಾದಾಗ ನಾನು ಆ ಪುಟವನ್ನು ತೆರೆದು ನೋಡಿದ್ದೆ.

ಮುಂದುವರಿಯುವುದೆಂದರೆ ಒಂದು ದಿನವೂ ತಪ್ಪಿಸದಿರುವುದು ಎಂದು ನಾನು ತಿಳಿದಿಲ್ಲ. ಮೌಲ್ಯಮಾಪನದ ವಾರಗಳು, ದಸರೆಗೆ ಮನೆ ತುಂಬ ನೆಂಟರು, ಒಂದು ಸಲ ಡೆಂಗಿ ಜ್ವರ, ಮುಟ್ಟು ನಿಲ್ಲುವ ಈ ವಯಸ್ಸಿನಲ್ಲಿ ನಿದ್ದೆಯಿಲ್ಲದೆ ಕಳೆದ ಅನೇಕ ರಾತ್ರಿಗಳು, ಇವೆಲ್ಲ ನೋಟುಪುಸ್ತಕದಲ್ಲಿ ಖಾಲಿ ಸಾಲುಗಳಾಗಿ ಉಳಿದಿವೆ. ವಾರಕ್ಕೆ ಮೂರು ದಿನದ ಲೆಕ್ಕದಲ್ಲಿ ಈ ಮೂರು ವರ್ಷ ನಾಲ್ಕು ತಿಂಗಳಿಗೆ ಐನೂರಕ್ಕೂ ಹೆಚ್ಚು ದಿನ ಆಗಬೇಕಿತ್ತು, ಆಗಿರುವುದು 402. ಎರಡು ವಾರ ತಪ್ಪಿದರೆ ಶೇಕಡಾ ಹತ್ತರಷ್ಟು ಭಾರ ಇಳಿಸಿ ಮತ್ತೆ ಆರಂಭಿಸುತ್ತೇನೆ, ತಪ್ಪಿದ್ದನ್ನು ತುಂಬಿಕೊಳ್ಳಲು ಎಂದೂ ಒಂದು ದಿನ ಹೆಚ್ಚು ಹೋಗುವುದಿಲ್ಲ. ಊಟದಲ್ಲಿ ಮಾಡಿಕೊಂಡ ಬದಲಾವಣೆಯೂ ದೊಡ್ಡದಲ್ಲ: ಅನ್ನ ಒಂದು ಹಿಡಿ ಕಡಿಮೆ, ಹುರುಳಿ ಅಥವಾ ಅವರೆಯ ಕಾಳು ಒಂದು ಬಟ್ಟಲು ಹೆಚ್ಚು, ದಿನಕ್ಕೆ ಎರಡು ಮೊಟ್ಟೆ, ರಾತ್ರಿ ಒಂದು ಲೋಟ ಹಾಲು.

ಕಳೆದ ವರ್ಷದ ಕೊನೆಯಲ್ಲಿ ಅಮ್ಮ ನಮ್ಮ ಜೊತೆಗಿರಲು ಬಂದರು. ಅವರಿಗೆ ಎಪ್ಪತ್ತೆಂಟು. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಿ, ಒಮ್ಮೆ ಮುಂದಕ್ಕೆ ತೂಗಿ, ಮತ್ತೆ ಹಿಂದಕ್ಕೆ ಬಂದು, ಎರಡನೆಯ ಯತ್ನಕ್ಕೆ ಏಳುತ್ತಿದ್ದರು. ಇದು ವಯಸ್ಸಿನ ಸಹಜ ಲಕ್ಷಣವೆಂದು ಎಲ್ಲರೂ ಹೇಳುತ್ತೇವೆ. ವಯಸ್ಸಿನೊಂದಿಗೆ ಸ್ನಾಯು ಕರಗುವ ಈ ಸ್ಥಿತಿಗೆ 1989ರಲ್ಲಿ ಸಾರ್ಕೊಪೀನಿಯಾ ಎಂಬ ಹೆಸರು ಬಂದ ಮೇಲೆಯೇ ವೈದ್ಯರು ಅದನ್ನು ಪ್ರತ್ಯೇಕವಾಗಿ ನೋಡತೊಡಗಿದ್ದು. ಅದರ ಮರುವರ್ಷವೇ, 1990ರಲ್ಲಿ, ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಬಲದ ತರಬೇತಿ ಕೊಟ್ಟರು. ಅದನ್ನು ಪೂರ್ತಿಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನ ಅಜ್ಜಿ ಕೊನೆಯ ಆರು ವರ್ಷ ಹಾಸಿಗೆಯಿಂದ ಏಳದೆ ಕಳೆದರು, ಆ ವರ್ಷಗಳಲ್ಲಿ ಅವರನ್ನು ಒಮ್ಮೆಯಾದರೂ ಎದ್ದು ನಿಲ್ಲಿಸಲು ನಾವು ಯಾರೂ ಪ್ರಯತ್ನಿಸಲಿಲ್ಲ.

ವೈದ್ಯರ ಒಪ್ಪಿಗೆ ಪಡೆದು ಅಮ್ಮನಿಗೆ ಒಂದೇ ವ್ಯಾಯಾಮ ಆರಂಭಿಸಿದೆ: ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕುಳಿತುಕೊಳ್ಳುವುದು. ಕುರ್ಚಿಯ ಎತ್ತರದಲ್ಲಿ ಅವರಿಗೆ ಅದು ಸಾಧ್ಯವಿರಲಿಲ್ಲ. ಆದ್ದರಿಂದ ಹಳೆಯ ಜಮಖಾನವೊಂದನ್ನು ಎಂಟು ಪದರವಾಗಿ ಮಡಿಸಿ ಕುರ್ಚಿಯ ಮೇಲೆ ಹಾಸಿದೆ. ಅಷ್ಟು ಎತ್ತರದಿಂದ ಐದು ಸಲ ಎದ್ದರು. ಭಾರ ಏರಿಸುವ ಬದಲು ಇಲ್ಲಿ ಎತ್ತರ ಇಳಿಸಬೇಕು. ಎಂಟು ಸಲ ಸರಾಗವಾಗಿ ಏಳುವುದು ಎರಡು ದಿನ ಸತತವಾಗಿ ಆದರೆ ಒಂದು ಪದರ ಬಿಚ್ಚುತ್ತೇನೆ. ಆಗದಿದ್ದರೆ ಹಾಗೆಯೇ ಬಿಡುತ್ತೇನೆ. ನನ್ನ ನೋಟುಪುಸ್ತಕದ ಹಿಂದಿನ ಪುಟಗಳಿಂದ ಅವರ ಲೆಕ್ಕ ಆರಂಭವಾಗುತ್ತದೆ. ಐದನೆಯ ಪದರದಲ್ಲಿ ಹನ್ನೊಂದು ವಾರ ನಿಂತೆವು. "ಇದು ಇನ್ನು ಇಳಿಯಲ್ಲ ಬಿಡೇ" ಎಂದು ಅಮ್ಮ ಬೇಸರಪಟ್ಟ ಸಂಜೆ, ನನ್ನ 2023ರ ಪುಟಗಳನ್ನು ತೆಗೆದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಜನವರಿಯಿಂದ ಮೇವರೆಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು, ಜೂನ್‌ನ ವೃತ್ತದ ಬಳಿ ಬೆರಳು ನಿಲ್ಲಿಸಿ, "ಇದೇನು?" ಎಂದು ಕೇಳಿದರು. ಹೇಳಿದೆ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಮತ್ತೆ ಕುರ್ಚಿಯ ಬಳಿಗೆ ಹೋದರು.

ಈಗ ಜಮಖಾನದಲ್ಲಿ ಮೂರು ಪದರ ಉಳಿದಿವೆ. ಈ ಗುರುವಾರ ಏಳು ಸಲ ಎದ್ದರು. ಎಂಟನೆಯದಕ್ಕೆ ಅರ್ಧ ಎದ್ದು, ಕೈ ಊರದೆ, ನಿಧಾನವಾಗಿ ಕುಳಿತುಕೊಂಡರು. ಏಳು ಎಂದೇ ಬರೆಯಲು ಹೇಳಿದರು, ಹಾಗೆಯೇ ಬರೆದಿದ್ದೇನೆ.